ವಾಗ್ದಾನದ ಕಾರ್ಡಿನ ಹಿಂಬದಿ

ಸಂಪಾದಕರಿಗೆ,

ಮಾನ್ಯರೇ,

ಡಿಸೆಂಬರ್ 31ರ ನಡುರಾತ್ರಿಯ ಆರಾಧನೆ ಮುಗಿದ ಮೇಲೆ ನಮ್ಮ ನಾಡಿನ ಅನೇಕ ಕ್ರೈಸ್ತ ಸಭೆಗಳಲ್ಲಿ ಬೈಬಲ್ಲಿನ ಒಂದೊಂದು ವಚನ ಮುದ್ರಿಸಿದ ವಾಗ್ದಾನದ ಕಾರ್ಡು ಹಂಚುವ ರೂಢಿಯಿದೆ. ತಟ್ಟೆಯೊಳಗೆ ಕೈಯಿಟ್ಟು ಒಂದನ್ನು ಎತ್ತಿಕೊಳ್ಳುತ್ತಾರೆ. ಬಂದ ವಚನ ಆ ವರ್ಷದ ವಚನ. ಬೈಬಲ್ಲಿನ ನಡುವೆ, ದೇವರ ಪಟದ ಕೆಳಗೆ, ಆಟೋದ ಕನ್ನಡಿಯ ಪಕ್ಕದಲ್ಲಿ ಅದು ವರ್ಷವಿಡೀ ಇರುತ್ತದೆ. ಈ ರೂಢಿಯ ಬಗ್ಗೆ ನನಗೆ ತಕರಾರಿಲ್ಲ. ಕಷ್ಟದ ದಿನ ಕೈಗೆ ಸಿಗುವ ಒಂದು ಮಾತು ಸಣ್ಣದಲ್ಲ. ಆದರೆ ಆ ತಟ್ಟೆಯಲ್ಲಿ ಮತ್ತೆ ಮತ್ತೆ ಕಾಣುವ ಒಂದು ವಚನ, ಪ್ರವಾದಿ ಯೆರೆಮೀಯನ ಪುಸ್ತಕದ 29ನೇ ಅಧ್ಯಾಯದ 11ನೆಯದು, ಅರ್ಧವಷ್ಟೇ ಜನರ ಕೈ ಸೇರುತ್ತಿದೆ. ಉಳಿದರ್ಧ ಗೊತ್ತಿಲ್ಲದ್ದರಿಂದ ಕಾಯಿಲೆ, ಸಾವು, ಸಾಲಗಳ ನಡುವೆ ಸಿಕ್ಕಿಕೊಂಡವರಿಗೆ ಆಗುತ್ತಿರುವ ನೋವಿನ ಬಗ್ಗೆ ಈ ಪತ್ರ.

ನಿಮ್ಮ ವಿಷಯವಾಗಿ ನಾನು ಮಾಡಿಕೊಂಡ ಯೋಚನೆ ಕೇಡಿನದಲ್ಲ, ಕ್ಷೇಮದ್ದು, ನಿಮಗೆ ಮುಂದಿನ ದಿನವೂ ನಿರೀಕ್ಷೆಯೂ ಉಂಟು ಎನ್ನುವುದು ಆ ವಚನದ ಭಾವ. ಅದು ಒಂದು ಪತ್ರದೊಳಗಿನ ಸಾಲು. ಕ್ರಿಸ್ತಪೂರ್ವ 597ರಲ್ಲಿ ಬಾಬಿಲೋನಿನ ರಾಜ ನೆಬೂಕದ್ನೆಚ್ಚರನು ಯೆರೂಸಲೇಮಿನ ರಾಜನನ್ನೂ ಕಮ್ಮಾರ, ಬಡಗಿಗಳನ್ನೂ ಸೆರೆಹಿಡಿದು ಬಾಬಿಲೋನಿಗೆ ಒಯ್ದ ಮೇಲೆ, ಊರಲ್ಲೇ ಉಳಿದಿದ್ದ ಯೆರೆಮೀಯ ಆ ಸೆರೆಯವರಿಗೆ ಪತ್ರ ಬರೆದು ಕಳುಹಿಸಿದ. 11ನೇ ವಚನಕ್ಕೆ ಮುಂಚಿನ 10ನೇ ವಚನ ಹೇಳುವುದೇನು? ಎಪ್ಪತ್ತು ವರ್ಷ ತುಂಬಿದ ಮೇಲೆ ನಿಮ್ಮನ್ನು ಕರೆತರುತ್ತೇನೆ ಎಂದು. ಪತ್ರ ಕೈಗೆ ಬಂದ ದಿನ ನಲವತ್ತರ ಪ್ರಾಯದಲ್ಲಿದ್ದವನು ಊರಿಗೆ ಮರಳುವಂತಿಲ್ಲ. ಕ್ಷೇಮದ ವಾಗ್ದಾನವೂ ಎಪ್ಪತ್ತು ವರ್ಷದ ಅವಧಿಯೂ ಒಂದೇ ಉಸಿರಿನಲ್ಲಿ ಬಂದಿವೆ. ಕಾರ್ಡು ಮುದ್ರಿಸುವಾಗ ಮಾತ್ರ ಒಂದು ಉಳಿದು ಇನ್ನೊಂದು ಬಿದ್ದುಹೋಗಿದೆ.

ಹಾಗಾದರೆ ಅಷ್ಟು ವರ್ಷ ಏನು ಮಾಡಬೇಕು? ಅದು 5ರಿಂದ 7ರವರೆಗಿನ ವಚನಗಳಲ್ಲಿದೆ. ಮನೆ ಕಟ್ಟಿಕೊಂಡು ಇರಿ. ತೋಟ ಮಾಡಿ ಅದರ ಫಲ ಉಣ್ಣಿ. ಮದುವೆಯಾಗಿ, ಮಕ್ಕಳಿಗೂ ಮದುವೆ ಮಾಡಿ. ನಿಮ್ಮನ್ನು ಸೆರೆ ಒಯ್ದ ಆ ಊರಿನ ಕ್ಷೇಮಕ್ಕಾಗಿಯೇ ಪ್ರಾರ್ಥಿಸಿ. ಮರ ನೆಟ್ಟವನು ಫಲಕ್ಕೆ ವರ್ಷಗಟ್ಟಲೆ ಕಾಯಬೇಕು; ಗಂಟುಮೂಟೆ ಕಟ್ಟಿ ಬಾಗಿಲಲ್ಲಿ ಕೂತವನು ತೋಟ ಮಾಡುವುದಿಲ್ಲ. ದೇವರನ್ನು ನಂಬುವುದು ಎಂದರೆ ಹೇಗಿರುತ್ತದೆ ಎಂದು ಕೇಳುವವರಿಗೆ ಬೈಬಲ್ಲಿನಲ್ಲಿ ಇದಕ್ಕಿಂತ ಕೈಗೆಟಕುವ ಉತ್ತರವನ್ನು ನಾನು ಕಂಡಿಲ್ಲ.

ಇದರ ಹಿಂದಿನ 28ನೇ ಅಧ್ಯಾಯವನ್ನೂ ಜೊತೆಗೇ ಓದಬೇಕು. ಹನನ್ಯ ಎಂಬ ಇನ್ನೊಬ್ಬ ಪ್ರವಾದಿ ದೇವಾಲಯದಲ್ಲಿ ಜನರ ಮುಂದೆ ನಿಂತು, ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಎಂದು ಸಾರಿದ. ಬಾಬಿಲೋನಿನ ಆಳ್ವಿಕೆಯ ಗುರುತಾಗಿ ಯೆರೆಮೀಯ ಹೆಗಲ ಮೇಲೆ ಹೊತ್ತಿದ್ದ ಮರದ ನೊಗ ಕಿತ್ತು ಮುರಿದೂ ಹಾಕಿದ. ಇಲ್ಲಿ ಯೆರೆಮೀಯ ಮೊದಲು ಹೇಳಿದ ಮಾತು ‘ಆಮೆನ್’, ಹಾಗೇ ಆಗಲಿ ಎಂದು. ಅವನಿಗೂ ಅದೇ ಬೇಕಿತ್ತು. ಆದರೆ ದೇವರು ಹೇಳದ ಗಡುವನ್ನು ದೇವರ ಹೆಸರಿನಲ್ಲಿ ಹೇಳುವುದು ಜನರನ್ನು ಸುಳ್ಳಿನ ಮೇಲೆ ನಿಲ್ಲಿಸುವುದು ಎಂದು ಮುಂದೆ ಎಚ್ಚರಿಸಿದ. ಇಷ್ಟು ದಿನದಲ್ಲಿ ಗುಣ, ಈ ತಿಂಗಳೊಳಗೆ ವೀಸಾ, ಇದೇ ವರ್ಷ ಮಗು ಎಂದು ವೇದಿಕೆಯಿಂದ ಘೋಷಿಸುವವರು ಈ ಅಧ್ಯಾಯವನ್ನು ಮಂಡಿಯೂರಿ ಓದಲಿ. ಗಡುವು ಮೀರಿದ ದಿನ ಅವರು ಅಲ್ಲಿರುವುದಿಲ್ಲ. ತಪ್ಪು ಹೊರಬೇಕಾದವಳು ಆ ಘೋಷಣೆ ನಂಬಿ ಮನೆಯಲ್ಲಿ ಕಾಯುತ್ತ ಕೂತವಳು: ‘ನಿನ್ನ ವಿಶ್ವಾಸ ಸಾಲದು’ ಎಂಬ ಮಾತು ಅವಳ ಮೇಲೆ ಬೀಳುತ್ತದೆ.

ವಿಶ್ವಾಸ ಸಾಲದ್ದಕ್ಕೇ ಕಾಯಿಲೆ ವಾಸಿಯಾಗುವುದಿಲ್ಲ ಎನ್ನುವುದಾದರೆ ಅಪೊಸ್ತಲ ಪೌಲನಿಗೆ ಏನು ಹೇಳೋಣ? ಶರೀರದಲ್ಲಿ ನಾಟಿದ ಶೂಲ ತೆಗೆಯೆಂದು ಅವನು ಮೂರು ಸಲ ಬೇಡಿದ. ಶೂಲ ಹೋಗಲಿಲ್ಲ, ನನ್ನ ಕೃಪೆ ನಿನಗೆ ಸಾಕು ಎಂಬ ಉತ್ತರ ಬಂತು. ಅವನ ಜೊತೆಗಾರ ತ್ರೊಫಿಮನನ್ನು ಅವನು ಕಾಯಿಲೆಯಲ್ಲೇ ಮಿಲೇತದಲ್ಲಿ ಬಿಟ್ಟುಬರಬೇಕಾಯಿತು. ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದು ತನ್ನ ಕಿರಿಯ ಜೊತೆಗೆಲಸದ ತಿಮೊಥೆಯನಿಗೆ ಬರೆದ. ಅವನ ಜೊತೆಗಿದ್ದ ಲೂಕ ವೈದ್ಯ.

ಪ್ರಾರ್ಥನೆಗೂ ಔಷಧಕ್ಕೂ ಜಗಳ ಹಚ್ಚುವವರು ಬೈಬಲ್ಲಿನ 2 ಅರಸುಗಳು ಪುಸ್ತಕದ 20ನೇ ಅಧ್ಯಾಯ ನೋಡಬೇಕು. ಸಾಯುತ್ತೀ ಎಂಬ ಮಾತು ಕೇಳಿದ ಹಿಜ್ಕೀಯ ರಾಜ ಗೋಡೆಯ ಕಡೆ ಮುಖ ತಿರುಗಿಸಿ ಅತ್ತ. ಆ ಮಾತು ತಿಳಿಸಿ ಹೊರಟಿದ್ದ ಪ್ರವಾದಿ ಯೆಶಾಯ ನಡುವಣ ಅಂಗಳ ದಾಟುವ ಮೊದಲೇ ಉತ್ತರ ಬಂತು: ನಿನ್ನ ಕಣ್ಣೀರು ನೋಡಿದೆ, ಇನ್ನೂ 15 ವರ್ಷ ಕೊಡುತ್ತೇನೆ. ಇಷ್ಟು ಸ್ಪಷ್ಟ ವಾಗ್ದಾನದ ಮೇಲೂ ಅದೇ ಪ್ರವಾದಿ, ಅಂಜೂರದ ಉಂಡೆ ತಂದು ಹುಣ್ಣಿನ ಮೇಲೆ ಹಚ್ಚಿ ಎಂದ. ಬೈಬಲ್ಲಿನಲ್ಲಿರುವ ಯಾಕೋಬನ ಪತ್ರ ರೋಗಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸಿ ಎನ್ನುತ್ತದೆ; ಔಷಧ ಬಿಡಿ ಎಂದು ಎಲ್ಲಿಯೂ ಇಲ್ಲ. ಫಾದರ್ ಮುಲ್ಲರ್ 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಔಷಧ ಕೊಡಲು ಕೂತದ್ದು, 1886ರಲ್ಲಿ ಬೆಂಗಳೂರಿನಲ್ಲಿ ಸೇಂಟ್ ಮಾರ್ಥಾಸ್, 1906ರಲ್ಲಿ ಮೈಸೂರಿನ ಮಿಷನ್ ಆಸ್ಪತ್ರೆ ಎದ್ದದ್ದು ವಿಶ್ವಾಸ ಕುಗ್ಗಿದ್ದರಿಂದ ಅಲ್ಲ.

ಎಲ್ಲಿ ಎಡವುತ್ತೇವೆ ಎಂಬುದನ್ನು ಬಿಡಿಸಿಯೇ ಹೇಳಬೇಕು. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ: ಮೊದಲ ಎರಡು ತಿಂಗಳು ನಾಲ್ಕು ಔಷಧ, ಆಮೇಲಿನ ನಾಲ್ಕು ತಿಂಗಳು ಮೂರು. ಕೆಲವೇ ವಾರದಲ್ಲಿ ಕೆಮ್ಮು ಇಳಿದು, ಹಸಿವು ಮರಳಿ, ಮೈ ತುಂಬಿಕೊಳ್ಳುತ್ತದೆ. ಪ್ರಾರ್ಥನೆಗೆ ಉತ್ತರ ಸಿಕ್ಕಿತು ಎಂದು ಸಾಕ್ಷಿ ಹೇಳಿ ಮಾತ್ರೆ ನಿಲ್ಲಿಸುವುದು ಸಾಮಾನ್ಯವಾಗಿ ಆಗಲೇ. ಸ್ತೋತ್ರ ಹೇಳಲಿ, ಮಾತ್ರೆ ಬಿಡದಿರಲಿ. ಒಳಗೆ ಉಳಿದ ಕ್ರಿಮಿ ಅದೇ ಔಷಧಕ್ಕೆ ಬಗ್ಗದಂತಾಗಿ ತಿರುಗಿ ಬಂದರೆ ಚಿಕಿತ್ಸೆ ಇನ್ನೂ ಕಠಿಣ, ಮನೆಯ ಮಕ್ಕಳಿಗೂ ಅಪಾಯ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುವುದು ರಿಫಾಂಪಿಸಿನ್ ಮಾತ್ರೆಯಿಂದ, ಅದಕ್ಕೆ ಹೆದರಬೇಕಿಲ್ಲ. ಫಿಟ್ಸ್ ಮಾತ್ರೆಯನ್ನು ದಿಢೀರನೆ ನಿಲ್ಲಿಸಿದರೆ ಸೆಳವು ಒಂದರ ಮೇಲೊಂದು ಬಂದು ಪ್ರಾಣಕ್ಕೇ ಎರವಾಗಬಹುದು. ಕೂಟದ ನಡುವೆ ಯಾರಿಗಾದರೂ ಸೆಳವು ಬಂದರೆ ದೆವ್ವವೆಂದು ಹಿಡಿದು ಅದುಮಬಾರದು. ಪಕ್ಕಕ್ಕೆ ಮಗ್ಗುಲಾಗಿಸಿ, ಬಾಯೊಳಗೆ ಏನೂ ತುರುಕದೆ, ಗಡಿಯಾರ ನೋಡಿ. ಐದು ನಿಮಿಷಕ್ಕೆ ನಿಲ್ಲದಿದ್ದರೆ ಆಸ್ಪತ್ರೆಗೆ ಒಯ್ಯಿರಿ.

ಉಪವಾಸ ಪ್ರಾರ್ಥನೆಯಲ್ಲಿಯೂ ಎಚ್ಚರ ಬೇಕು. ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವ ಸಕ್ಕರೆ ಕಾಯಿಲೆಯವರು ವೈದ್ಯರನ್ನು ಕೇಳದೆ ಹೊಟ್ಟೆ ಖಾಲಿ ಬಿಡಬಾರದು. ಬೆವರು, ನಡುಕ, ಮಾತು ತಡವರಿಸುವುದು ಸಕ್ಕರೆ ಇಳಿದ ಗುರುತು; ಅದನ್ನು ಆತ್ಮಾಭಿಷೇಕ, ಅಂದರೆ ಪವಿತ್ರಾತ್ಮ ಮೈಮೇಲೆ ಇಳಿದದ್ದು, ಎಂದು ತಿಳಿದು ಬಿಟ್ಟರೆ ಎಚ್ಚರ ತಪ್ಪುತ್ತಾರೆ. ಮೀಟರಿನಲ್ಲಿ 70ಕ್ಕಿಂತ ಕಡಿಮೆ ಕಂಡರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಸೇರಿಸಬೇಕು. ಸಕ್ಕರೆ ಕಾಯಿಲೆಯವರು ಊಟದ ಬದಲು ಇನ್ನೇನಾದರೂ ತ್ಯಜಿಸಿ ಪ್ರಾರ್ಥಿಸಲಿ, ದೇವರು ಅದನ್ನೂ ನೋಡುತ್ತಾನೆ.

ಮನಸ್ಸು ಕುಸಿದವರ ವಿಷಯ ಇನ್ನೂ ಸೂಕ್ಷ್ಮ. ಸಾಕು ಕರ್ತನೇ, ಪ್ರಾಣ ತೆಗೆದುಬಿಡು ಎಂದು ಜಾಲಿಗಿಡದ ಕೆಳಗೆ ಮಲಗಿದ ಪ್ರವಾದಿ ಎಲೀಯನಿಗೆ ದೇವದೂತ ಬೋಧನೆ ಮಾಡಲಿಲ್ಲ. ಮುಟ್ಟಿ ಎಬ್ಬಿಸಿ, ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ಕೊಟ್ಟ. ಮತ್ತೆ ಮಲಗಲು ಬಿಟ್ಟ. ಎರಡನೇ ಸಲ ಎಬ್ಬಿಸಿ ಮತ್ತೆ ಉಣ್ಣಿಸಿದ, ದಾರಿ ನಿನ್ನ ಶಕ್ತಿಗೆ ಮೀರಿದ್ದು ಎಂದ. ದೇವರ ಪ್ರಶ್ನೆ ಬಂದದ್ದು ನಲವತ್ತು ದಿನ ನಡೆದು ಹೋರೇಬ್ ಬೆಟ್ಟ ಮುಟ್ಟಿದ ಮೇಲೆ. ಯಾರಾದರೂ ಸಾಯುವ ಮಾತಾಡಿದರೆ ಒಂಟಿಯಾಗಿ ಬಿಡಬೇಡಿ, ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ, ಕನ್ನಡದಲ್ಲೂ, ಉಚಿತವಾಗಿ ಸಿಗುತ್ತದೆ.

ಇನ್ನು ಪ್ರಾರ್ಥನೆ ಹೇಗೆ ಮಾಡುವುದು? ಕಷ್ಟದಲ್ಲಿರುವವರಿಗೆ ನಾವು ಹೇಳಿಕೊಡುವುದು ಬಹುಮಟ್ಟಿಗೆ ಸ್ತುತಿಯನ್ನು ಮಾತ್ರ. ಕೀರ್ತನೆಗಳ ಪುಸ್ತಕದ 150ರಲ್ಲಿ ಸುಮಾರು ಮೂರನೇ ಒಂದು ಪಾಲು ಅಳಲಿನ ಕೀರ್ತನೆಗಳು. ಕಲಿಯಲು 13ನೆಯದು ಒಳ್ಳೆಯದು, ಆರೇ ವಚನ. ಮೊದಲೆರಡರಲ್ಲಿ ದೂರು: ಎಷ್ಟರವರೆಗೆ ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ, ಅದೂ ದೇವರ ಮುಖಕ್ಕೇ. ಮೂರು, ನಾಲ್ಕರಲ್ಲಿ ಬೇಡಿಕೆ. ಐದು, ಆರರಲ್ಲಿ ಭರವಸೆ. ಒಂದು ನೋಟುಬುಕ್ಕು ತೆಗೆದುಕೊಂಡು ಇದೇ ಕ್ರಮದಲ್ಲಿ ಬರೆಯಬಹುದು. ಮೊದಲು ನನ್ನನ್ನು ತಿನ್ನುತ್ತಿರುವುದು ಏನು, ಅದರ ಹೆಸರು ಹಿಡಿದು: ಕಷ್ಟ ಎಂದಲ್ಲ, ಮಗನ ಕುಡಿತ, ಮೂರು ಕಂತಿನ ಬಾಕಿ, ಬಯಾಪ್ಸಿ ವರದಿ ಎಂದೇ. ಆಮೇಲೆ ಇವತ್ತಿಗೆ ಏನು ಬೇಕು. ಕೊನೆಗೆ ಹಿಂದೆ ದೇವರು ನಡೆಸಿದ್ದರಲ್ಲಿ ನೆನಪಿಗೆ ಬರುವ ಒಂದೇ ಒಂದು ಸಂಗತಿ. ಹತ್ತು ನಿಮಿಷ ಸಾಕು.

ತಪ್ಪುವುದು ಎರಡು ಕಡೆ. ದೂರನ್ನು ನುಂಗಿಕೊಂಡು ನೇರವಾಗಿ ಐದನೇ ವಚನಕ್ಕೆ ಹಾರುವುದು ಮೊದಲನೆಯದು. ಬಾಯಿ ಸ್ತೋತ್ರ ಹೇಳುತ್ತದೆ, ಎದೆ ಮುಚ್ಚಿಕೊಳ್ಳುತ್ತದೆ. ಕೆಲವು ತಿಂಗಳಲ್ಲಿ ಪ್ರಾರ್ಥನೆಯೇ ನಿಂತುಹೋಗುತ್ತದೆ. ದೂರನ್ನು ದೇವರಿಗೆ ಹೇಳದೆ ದೇವರ ಬಗ್ಗೆ ಊರಿಗೆಲ್ಲ ಹೇಳುತ್ತ ಇರುವುದು ಎರಡನೆಯದು. ಐದನೇ ವಚನ ಬರೆಯಲು ಕೈ ಏಳದ ದಿನವೂ ಇರುತ್ತದೆ. ಅಂಥವರಿಗಾಗಿಯೇ 88ನೇ ಕೀರ್ತನೆಯಿದೆ, ಅದು ಕತ್ತಲೆ ಎಂಬ ಮಾತಿನೊಂದಿಗೇ ಮುಗಿಯುತ್ತದೆ. ಆದರೂ ಅದು ಪ್ರಾರ್ಥನೆ, ಆದರೂ ಅದು ಬೈಬಲ್ಲಿನೊಳಗಿದೆ. ಕ್ರಿಸ್ತನು ಶಿಲುಬೆಯ ಮೇಲೆ ಕೂಗಿದ್ದೂ ಕೈಬಿಟ್ಟದ್ದೇಕೆ ಎಂಬ 22ನೇ ಕೀರ್ತನೆಯ ಮೊದಲ ಮಾತನ್ನೇ.

ನೊಂದವರ ಮನೆಗೆ ಹೋಗುವವರಿಗೆ, ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಮೂವರು ಗೆಳೆಯರೇ ಪಾಠ. ಏಳು ಹಗಲು ಏಳು ರಾತ್ರಿ ಅವರು ಅವನೊಡನೆ ನೆಲದ ಮೇಲೆ ಸುಮ್ಮನೆ ಕೂತರು. ಅಲ್ಲಿಯವರೆಗೆ ಎಲ್ಲ ಸರಿಯಿತ್ತು. ಮಾತಾಡಲು ಶುರುಮಾಡಿ, ನಿನ್ನ ಪಾಪವೇ ಕಾರಣ ಎಂದು ಹುಡುಕತೊಡಗಿದ ಮೇಲೆ ಕೆಟ್ಟರು. ಕೊನೆಗೆ ದೇವರ ಕೋಪ ಬಂದದ್ದು ದೂರಿದ ಯೋಬನ ಮೇಲಲ್ಲ, ದೇವರ ಸಮರ್ಥನೆಗೆ ನಿಂತ ಈ ಗೆಳೆಯರ ಮೇಲೆ. ಆಸ್ಪತ್ರೆಗೆ ಹೋದರೆ ಹದಿನೈದು ನಿಮಿಷ ಮೀರಬೇಡಿ. ಕೈ ತೊಳೆದು ಒಳಗೆ ಹೋಗಿ, ಕೂತು ಮಾತಾಡಿ. ನಿಂತೇ ಇದ್ದರೆ ಹೊರಡಲು ಆತುರಪಟ್ಟಂತೆ ಕಾಣುತ್ತದೆ. ಪ್ರಾರ್ಥಿಸಲೇ ಎಂದು ಕೇಳಿ, ಬೇಡವೆಂದರೆ ಬೇಡ. ಓದುವುದಾದರೆ 23, 121, 130ನೇ ಕೀರ್ತನೆಗಳು, ಎಲ್ಲವೂ ಎಂಟು ವಚನದೊಳಗಿನವು. ಫೋಟೊ, ವಿಡಿಯೊ ಬೇಡವೇ ಬೇಡ. ಮಗು ತೀರಿಹೋದ ಮನೆಯಲ್ಲಿ, ದೇವರ ತೋಟಕ್ಕೆ ಆ ಹೂವು ಬೇಕಿತ್ತು ಎನ್ನಬೇಡಿ. ಹಾಗೆ ಕೇಳಿದ ಅಣ್ಣನೋ ತಂಗಿಯೋ ದೇವರಿಗೆ ಹೆದರಿಕೊಂಡು ಬೆಳೆಯುತ್ತಾರೆ. ಅಳುವವರ ಸಂಗಡ ಅಳಿರಿ ಎಂದ ಪೌಲ, ವಿವರಿಸಿರಿ ಎನ್ನಲಿಲ್ಲ.

ಸಮಾಧಿಯ ದಿನ ಮನೆ ತುಂಬ ಜನ. ಮೂರನೇ ತಿಂಗಳಿಗೆ ಬಾಗಿಲು ತಟ್ಟುವವರಿಲ್ಲ, ಮೊದಲ ಕ್ರಿಸ್ಮಸ್ ಎಲ್ಲಕ್ಕಿಂತ ಭಾರ. ಕ್ಯಾಲೆಂಡರಿನಲ್ಲಿ ಆ ದಿನಗಳನ್ನು ಈಗಲೇ ಗುರುತು ಹಾಕಿಕೊಳ್ಳಿ. ಮರಣವನ್ನು 21 ದಿನದೊಳಗೆ ನೋಂದಾಯಿಸಬೇಕು, ತಡವಾದರೆ ಶುಲ್ಕ, ಅಲೆದಾಟ. ಪಿಂಚಣಿ, ಬ್ಯಾಂಕು, ವಿಮೆ ಎಲ್ಲದಕ್ಕೂ ಮರಣ ಪ್ರಮಾಣಪತ್ರ ಬೇಕು. ಇಲ್ಲದವನಿಗೆ ಬೆಚ್ಚಗಿರು, ತೃಪ್ತನಾಗು ಎಂದು ಬಾಯಲ್ಲಿ ಹೇಳಿ ಕಳುಹಿಸುವವನ ವಿಶ್ವಾಸ ಸತ್ತದ್ದು ಎನ್ನುತ್ತಾನೆ ಯಾಕೋಬ. ವಿಧವೆಯೊಡನೆ ಕಚೇರಿಯ ಸಾಲಿನಲ್ಲಿ ನಿಲ್ಲುವುದು ನನ್ನ ಪ್ರಕಾರ ಆ ವಾರದ ಅತಿ ದೊಡ್ಡ ಪ್ರಾರ್ಥನೆ.

ಸಾಲದ ವಿಷಯ ಚಿಕ್ಕದಾಗಿ. ಕೊಟ್ಟರೆ ದೇವರು ಹಲವು ಪಟ್ಟು ಮರಳಿಸುತ್ತಾನೆ ಎಂದು ಹೇಳಿ ಸಾಲದಲ್ಲಿ ಮುಳುಗಿದವರಿಂದ ‘ಬೀಜದ ಕಾಣಿಕೆ’ ಕೇಳಬೇಡಿ. ಸಾಲದಲ್ಲಿ ಸಿಕ್ಕಿ ಸಹಾಯ ಬೇಡಿ ಬಂದ ವಿಧವೆಯನ್ನು ಪ್ರವಾದಿ ಎಲೀಷ ಕೇಳಿದ್ದು ಮನೆಯಲ್ಲಿ ಏನಿದೆ ಎಂದು, ತನಗೆ ಏನು ಕೊಡುತ್ತೀ ಎಂದಲ್ಲ. ಇದ್ದದ್ದು ಒಂದು ಕುಡಿಕೆ ಎಣ್ಣೆ. ನೆರೆಯವರಿಂದ ಪಾತ್ರೆ ತರಿಸಿದ. ಆ ಎಣ್ಣೆಯೇ ಎಲ್ಲ ಪಾತ್ರೆಗಳನ್ನೂ ತುಂಬಿದ ಮೇಲೆ, ಅದನ್ನು ಮಾರಿ ಮೊದಲು ಸಾಲ ತೀರಿಸು, ಉಳಿದದ್ದರಲ್ಲಿ ನೀನೂ ಮಕ್ಕಳೂ ಬದುಕಿ ಎಂದ.

ಸಭೆಗಳ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೇ. ಸಾಕ್ಷಿ ಹೇಳುವ ಸಮಯದಲ್ಲಿ ಗುಣವಾದವರಿಗೆ ಕೊಡುವ ಐದು ನಿಮಿಷವನ್ನು ಇನ್ನೂ ಕಾಯುತ್ತಿರುವವರಿಗೂ ಕೊಡಿ. ಮುಂದಿನ ಡಿಸೆಂಬರಿಗೆ ಕಾರ್ಡು ಮುದ್ರಿಸುವಾಗ, ಖಾಲಿ ಬಿಡುವ ಹಿಂಬದಿಯಲ್ಲಿ ಯೆರೆಮೀಯ 29ರ 5, 6, 7, 10ನೇ ವಚನಗಳನ್ನು ಹಾಕಿಸಿ. ಅದರ ಕೆಳಗೆ 14416 ಸಂಖ್ಯೆ, ನಿಮ್ಮ ಸಭೆಯಲ್ಲಿ ರಾತ್ರಿ ಕರೆದರೂ ಎದ್ದು ಬರುವ ಒಬ್ಬರ ಫೋನು ನಂಬರು.

– ಒಬ್ಬ ಸಭಾಹಿರಿಯ, ಗದಗ-ಬೆಟಗೇರಿ