ಮಗಳಿಗೊಂದು ಪತ್ರ: ಕೊನೆಯ ಸ್ಟ್ಯಾಂಡಿನ ಚೆಲ್ಲೊ

ಪುಟ್ಟೀ,

ಆರ್ಕೆಸ್ಟ್ರಾದ ಚೆಲ್ಲೊ (ಕೂತು ನುಡಿಸುವ ದೊಡ್ಡ ಪಿಟೀಲಿನಂಥ ವಾದ್ಯ) ಗುಂಪಿನಲ್ಲಿ ಕೊನೆಯ ಸ್ಟ್ಯಾಂಡ್ (ಸ್ವರಲಿಪಿಯ ಪುಟ ಇಡುವ ಸ್ಟ್ಯಾಂಡಿನ ಮುಂದಿನ ಜಾಗ) ಸಿಕ್ಕಿತೆಂದು ಮುಖ ಸಣ್ಣದು ಮಾಡಿಕೊಳ್ಳಬೇಡ. ಅಲ್ಲಿ ಕೂತು ನುಡಿಸುವುದೇ ಹೆಚ್ಚು ಕಷ್ಟ. ಮುಂದಿನವರ ನಾದ ನಿನ್ನ ಕಿವಿಗೆ ಬರುವಾಗಲೇ ಚೂರು ತಡವಾಗಿರುತ್ತದೆ. ಅದನ್ನು ಕೇಳಿಸಿಕೊಂಡು ಬೋ (ಕಮಾನು) ಎಳೆದರೆ ಇನ್ನಷ್ಟು ಹಿಂದೆ ಬೀಳುತ್ತೀಯ. ತಾಳ ತೋರಿಸುವ ಕಂಡಕ್ಟರರ ಕೈ ನೋಡು, ಮೊದಲ ಚೆಲ್ಲೊದವರ ಬೋ ನೋಡು. ಅವರು ಬೋ ಬುಡದಲ್ಲಿ ನುಡಿಸುತ್ತಿದ್ದರೆ ನೀನೂ ಬುಡದಲ್ಲೇ ಇರಬೇಕು, ತುದಿಯಲ್ಲಲ್ಲ.

ವೇಗದ ಸಾಲುಗಳಲ್ಲಿ ಎಲ್ಲ ಸ್ವರ ನುಡಿಸಲೇಬೇಕೆಂಬ ಹಟ ಬೇಡ. ನಾಲ್ಕು ನಾಲ್ಕರ ಗುಂಪಿದ್ದರೆ ಪ್ರತಿ ಗುಂಪಿನ ಮೊದಲ ಸ್ವರವನ್ನು ಸರಿಯಾದ ಬೀಟಿಗೆ ಕೂರಿಸು, ಉಳಿದವನ್ನು ಮನೆಯಲ್ಲಿ ಅರ್ಧ ವೇಗದಲ್ಲಿ ತಾಳ ಬಡಿಯುವ ಮೆಟ್ರೊನೋಮ್ ಇಟ್ಟು ಒಂದೊಂದಾಗಿ ಸೇರಿಸುತ್ತಾ ಹೋಗು. ಬಿಟ್ಟ ಸ್ವರ ಯಾರಿಗೂ ಕೇಳಿಸುವುದಿಲ್ಲ. ಆದರೆ ಎಲ್ಲರೂ ಸುಮ್ಮನಿರುವಾಗ ನೀನೊಬ್ಬಳೇ ಒಂದು ಬಾರ್ (ತಾಳದ ಒಂದು ಸುತ್ತು) ಮೊದಲು ನುಗ್ಗಿದರೆ ಸಭೆಗೆಲ್ಲ ಕೇಳಿಸುತ್ತದೆ! ಅದಕ್ಕೇ ವಿರಾಮದ ಬಾರ್‌ಗಳನ್ನು ಎಣಿಸಬೇಕು: ಒಂದು-ಎರಡು-ಮೂರು-ನಾಲ್ಕು, ಎರಡು-ಎರಡು-ಮೂರು-ನಾಲ್ಕು, ಹೀಗೆ ಮೊದಲ ಬೀಟಿನಲ್ಲಿ ಬಾರಿನ ಸಂಖ್ಯೆ ಬರುವಂತೆ. ನಿನ್ನ ಪ್ರವೇಶಕ್ಕೆ ಮೊದಲು ಯಾವ ವಾದ್ಯ ಕೇಳಿಸುತ್ತದೆಂದು ಪೆನ್ಸಿಲ್‌ನಲ್ಲಿ ಬರೆದಿಟ್ಟುಕೋ. ಎಣಿಕೆ ತಪ್ಪಿದರೂ ಅದು ಕಾಪಾಡುತ್ತದೆ.

ಎಲ್ಲರೂ ಶ್ರುತಿ ಸೇರಿಸಲೆಂದು ಓಬೊ ಎಂಬ ಊದುವ ವಾದ್ಯ 'ಎ' ಸ್ವರ ಕೊಟ್ಟಾಗ ತಂತಿ ಬಿಗಿಸುವ ಬಿರಡೆ ತಿರುಗಿಸಲು ಶುರುಮಾಡಬಾರದು. ಮೊದಲೇ ಬಂದು ಸಿ, ಜಿ, ಡಿ, ಎ ನಾಲ್ಕು ತಂತಿಗಳನ್ನೂ ಶ್ರುತಿಗೆ ತಂದಿರಬೇಕು. ಆಗ ತಂತಿಯ ಕೆಳತುದಿಯ ಸಣ್ಣ ತಿರುಪಾದ ಫೈನ್ ಟ್ಯೂನರ್‌ನಲ್ಲಿ ಕೂದಲೆಳೆಯಷ್ಟು ಸರಿಮಾಡಿದರೆ ಸಾಕು. ಆ ತಿರುಪು ಪೂರ್ತಿ ಕೆಳಗಿಳಿದಿದ್ದರೆ ಅದರಿಂದ ಶ್ರುತಿ ಮೇಲೇರುವುದಿಲ್ಲ. ಮೊದಲು ಅದನ್ನು ಸಡಿಲಿಸಿ, ಬಿರಡೆಯಿಂದ ಏರಿಸು. ಒಣ ಹವೆಗೆ ಮರ ಕುಗ್ಗಿ ಬಿರಡೆ ಜಾರುತ್ತದೆ, ಆಗ ಒಳಕ್ಕೆ ಒತ್ತುತ್ತಾ ತಿರುಗಿಸು. ಅವಸರದಲ್ಲಿ ಮೊದಲು ಹರಿಯುವುದು 'ಎ' ತಂತಿ. ಒಂದು ಹೆಚ್ಚುವರಿ ಪೆಟ್ಟಿಗೆಯಲ್ಲಿರಲಿ.

ನುಣುಪು ನೆಲದಲ್ಲಿ ಚೆಲ್ಲೊವನ್ನು ಊರುವ ಕಡ್ಡಿ, ಅಂದರೆ ಎಂಡ್‌ಪಿನ್ ಜಾರುತ್ತದೆ. ಕುರ್ಚಿಯ ಮುಂಗಾಲಿಗೆ ಸಿಕ್ಕಿಸುವ ಪಟ್ಟಿ ಒಯ್ಯಿ, ಕಡ್ಡಿಯ ರಬ್ಬರ್ ತುದಿಯನ್ನಷ್ಟೇ ನಂಬಬೇಡ. ಕುರ್ಚಿಗೆ ಕೈ ಇರಬಾರದು. ಸೀಟು ಹಿಂದಕ್ಕೆ ವಾಲಿದ್ದರೆ ಅಂಚಿನಲ್ಲಿ ಕೂರು.

ಒಂದು ಸ್ಟ್ಯಾಂಡಿಗೆ ಇಬ್ಬರು. ಒಳಬದಿಯವರು (ಸಭಿಕರಿಂದ ದೂರ ಕೂತವರು) ಪುಟ ತಿರುಗಿಸುತ್ತಾರೆ, ಹೊರಬದಿಯವರು ನುಡಿಸುತ್ತಲೇ ಇರುತ್ತಾರೆ. ಸ್ವರದ ಸಾಲು ಎರಡಾಗಿ ಒಡೆದರೆ ಸಾಮಾನ್ಯವಾಗಿ ಮೇಲಿನದು ಹೊರಬದಿಯವರಿಗೆ. ನೀನು ಒಳಬದಿಯಾದರೆ ಪುಟದ ಕೊನೆಯ ಎರಡು ಬಾರ್ ಬಿಟ್ಟುಬಿಡು, ನಾಚಿಕೆಯೇನಿಲ್ಲ. ಪುಟದ ಕೆಳಮೂಲೆಯನ್ನು ಮೊದಲೇ ಮಡಚಿಟ್ಟಿರು. ಬೋ ದಿಕ್ಕು ಬದಲಾದರೆ ಅಲ್ಲೇ ಗುರುತು ಹಾಕು. ಪೆನ್ಸಿಲ್ ಎರಡು ಇಟ್ಟುಕೋ, ಪಕ್ಕದವರು ತಂದಿರುವುದಿಲ್ಲ.

ನಿನ್ನ
ಅಮ್ಮ