ಡಿಸ್ಚಾರ್ಜ್ ಆದ ರಾತ್ರಿ ಅವಳು ಎಲ್ಲಿ ಮಲಗಬೇಕು?

ಮಾನ್ಯ ಸಂಪಾದಕರೇ,

ವ್ಯಸನಮುಕ್ತಿ ಕೇಂದ್ರವೊಂದರ ಮಹಿಳಾ ವಾರ್ಡಿನಲ್ಲಿ ಹಲವು ವರ್ಷ ದಾದಿಯಾಗಿದ್ದೆ. ಡಿಸ್ಚಾರ್ಜ್ ಎಂದರೆ ನನಗೆ ಎದೆ ನಡುಗುತ್ತಿತ್ತು. ಒಮ್ಮೆ ಒಬ್ಬಾಕೆ ಚೀಲ ಹಿಡಿದು ಬಾಗಿಲಲ್ಲೇ ನಿಂತು, ‘ಸಿಸ್ಟರ್, ಇನ್ನೆರಡು ವಾರ ಇಲ್ಲೇ ಇರಲೇ?’ ಎಂದು ಕೇಳಿದಳು. ಮನೆಯಲ್ಲಿ ಗಂಡ ದಿನವೂ ಕುಡಿಯುತ್ತಿದ್ದ. ಅವಳಿಗೆ ಕುಡಿತ ಕಲಿಸಿದವನೂ ಅವನೇ. ಅವಳ ಹಾಸಿಗೆಗೆ ಬೇರೊಬ್ಬರು ಕಾಯುತ್ತಿದ್ದರು. ಕಳುಹಿಸಿಬಿಟ್ಟೆವು. ತಿಂಗಳು ತುಂಬುವುದರೊಳಗೆ ಅವಳು ಮತ್ತೆ ನಮ್ಮಲ್ಲಿಗೇ ಬಂದಳು.

ಕುಡಿತ ನಿಲ್ಲಿಸಿದಾಗಿನ ಬೆವರು, ಕೈನಡುಕ ಸಾಮಾನ್ಯವಾಗಿ ವಾರದೊಳಗೆ ಇಳಿಯುತ್ತವೆ. ನಿದ್ದೆಗೇಡು, ಸಿಡುಕು, ಇದ್ದಕ್ಕಿದ್ದಂತೆ ಏಳುವ ತಹತಹ ಮಾತ್ರ ತಿಂಗಳುಗಟ್ಟಲೆ ಕಾಡುತ್ತವೆ. ಕೇಂದ್ರದ ವಾಸವೋ ಬಹುತೇಕ 28 ಅಥವಾ 30 ದಿನ. ಹೆರಾಯಿನ್ ಬಿಟ್ಟವರ ಪಾಡು ಇನ್ನೂ ಕಠಿಣ. ಬಿಟ್ಟ ಮೇಲೆ ದೇಹದ ತಾಳಿಕೆ ಕುಗ್ಗಿರುತ್ತದೆ, ಹಿಂದೆ ತೆಗೆದುಕೊಳ್ಳುತ್ತಿದ್ದ ಪ್ರಮಾಣವೇ ಪ್ರಾಣ ತೆಗೆಯಬಹುದು.

ಈ ನಡುವಣ ಕಾಲಕ್ಕೆ ಬೇಕಾದದ್ದು ಆಸ್ಪತ್ರೆಯಲ್ಲ, ಒಂದು ಮನೆ. ಅಮೆರಿಕದ ಮೇರಿಲ್ಯಾಂಡಿನಲ್ಲಿ 1975ರಲ್ಲಿ ಆರಂಭವಾದ ಆಕ್ಸ್‌ಫರ್ಡ್ ಹೌಸ್ ಮಾದರಿಯಲ್ಲಿ ನಿವಾಸಿಗಳೇ ಬಾಡಿಗೆ ಹಂಚಿಕೊಂಡು, ತಮ್ಮೊಳಗೇ ಪದಾಧಿಕಾರಿಗಳನ್ನು ಆರಿಸಿಕೊಂಡು ಮನೆ ನಡೆಸುತ್ತಾರೆ. ಚಿಕಿತ್ಸೆ ಮುಗಿಸಿದ 150 ಜನರನ್ನು ಎರಡು ಗುಂಪು ಮಾಡಿ ನಡೆಸಿದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಎರಡು ವರ್ಷಗಳ ನಂತರ, ಇಂಥ ಮನೆಗಳಿಗೆ ಹೋದವರಲ್ಲಿ ಶೇ 31ರಷ್ಟು ಮಂದಿ ವ್ಯಸನಕ್ಕೆ ಮರಳಿದ್ದರೆ, ಎಂದಿನ ಹೊರರೋಗಿ ಆರೈಕೆಗೆ ಬಿಟ್ಟವರಲ್ಲಿ ಆ ಪ್ರಮಾಣ ಶೇ 65ರಷ್ಟಿತ್ತು.

ಹೆಂಗಸರಿಗೆ ಇಂಥ ಮನೆ ಬೇರೆಯೇ ಇರಬೇಕು. ನಾನು ಆರೈಕೆ ಮಾಡಿದ ಎಷ್ಟೋ ಜನರು ಮನೆಯೊಳಗೇ ಹೊಡೆತ ತಿಂದವರು; ಗಂಡಸರಿರುವ ಮನೆಯಲ್ಲಿ ಅವರಿಗೆ ರಾತ್ರಿ ಕಣ್ಣು ಮುಚ್ಚುತ್ತಿರಲಿಲ್ಲ. ಮಕ್ಕಳ ಪ್ರಶ್ನೆ ಅದಕ್ಕಿಂತ ದೊಡ್ಡದು. ಮಗು ಕೈತಪ್ಪೀತೆಂಬ ಭಯಕ್ಕೆ ಚಿಕಿತ್ಸೆಗೇ ಬಾರದ ತಾಯಂದಿರಿದ್ದಾರೆ. ಮಗುವಿಗೆ ಜಾಗವಿಲ್ಲದ ಮನೆಯಲ್ಲಿ ತಾಯಿ ಎಷ್ಟು ದಿನ ನಿಂತಾಳು?

ಇಂಥ ಮನೆಗಳ ಒಂದು ನಿಯಮದ ಬಗ್ಗೆ ಮಾತ್ರ ನನಗೆ ತಕರಾರಿದೆ. ಮತ್ತೆ ಕುಡಿದವರನ್ನು ಕೂಡಲೇ ಹೊರಹಾಕಬೇಕೆನ್ನುತ್ತಾರೆ. ಉಳಿದವರ ರಕ್ಷಣೆಗೆ ಅದು ಬೇಕು, ಒಪ್ಪುತ್ತೇನೆ. ಆದರೆ ಹೆಣ್ಣೊಬ್ಬಳನ್ನು ರಾತ್ರೋರಾತ್ರಿ ಬೀದಿಗೆ ಬಿಟ್ಟರೆ ಅವಳು ಸೇರುವುದು ಅದೇ ಹಳೆಯ ಮನೆಯನ್ನು. ಚಿಕಿತ್ಸೆಗೆ ಮರಳಿ ಒಯ್ಯುವ ಏರ್ಪಾಡನ್ನು ಮೊದಲ ದಿನವೇ ಮಾಡಿಟ್ಟಿರಬೇಕು. ಹೆರಾಯಿನ್ ತಹತಹ ತಗ್ಗಿಸಲು ವೈದ್ಯರು ಬರೆದುಕೊಟ್ಟ ಬುಪ್ರೆನಾರ್ಫಿನ್ ಮಾತ್ರೆಯನ್ನೂ ‘ಅಮಲು’ ಎಂದು ಕರೆದು ಬಾಗಿಲು ಮುಚ್ಚುವ ಮನೆಗಳಂತೂ ಸಲ್ಲದು.

ವ್ಯಸನಮುಕ್ತಿಗೆ ಹಣ ಮಂಜೂರು ಮಾಡುವವರು ಹಾಸಿಗೆಗಳನ್ನಷ್ಟೇ ಎಣಿಸದೆ, ಪ್ರತಿ ಮಹಿಳಾ ವಾರ್ಡಿಗೂ ಇಂಥದೊಂದು ಮನೆಯನ್ನು ಜೋಡಿಸಲಿ. ‘ಇಲ್ಲೇ ಇರಲೇ?’ ಎಂದು ಮುಂದೆ ಯಾರಾದರೂ ಕೇಳಿದರೆ, ಅಲ್ಲಿರುವ ದಾದಿಯ ಬಳಿ ಕೊಡಲು ಒಂದು ವಿಳಾಸವಿರಲಿ. ನನ್ನ ಬಳಿ ಇರಲಿಲ್ಲ.

— ನಿವೃತ್ತ ದಾದಿ