ಐವತ್ಮೂರು ಗುಂಟೆಯ ಸುಝೌ ತೋಟ ಮತ್ತು ನಮ್ಮ ಹನ್ನೆರಡು ಗುಂಟೆ

ಮಾನ್ಯ ಸಂಪಾದಕರೆ,

ಪುಣೆಯ ಕೋಥ್ರೂಡಿನಲ್ಲಿರುವ ನಮ್ಮ ವಸತಿ ಸಂಘದ ಹಿಂದೆ ಹನ್ನೆರಡು ಗುಂಟೆಯಷ್ಟು ಖಾಲಿ ಜಾಗವಿದ್ದು, ಅದನ್ನು ಉದ್ಯಾನ ಮಾಡುವ ಮಾತು ನಡೆದಿದೆ. ಗುತ್ತಿಗೆದಾರರು ತಂದ ನಕ್ಷೆಯಲ್ಲಿ ನಡುವೆ ಹುಲ್ಲುಹಾಸು, ಸುತ್ತ ನಡೆಯುವ ದಾರಿ, ಮೂಲೆಗೊಂದು ಸಿಮೆಂಟಿನ ಪ್ರಾಣಿ, ಇಷ್ಟಕ್ಕೂ ಸೇರಿ ಒಂದು ಎತ್ತರದ ದೀಪಸ್ತಂಭ ಇವೆ. ಕಟ್ಟಡಗಳ ನಕ್ಷೆ ಬಿಡಿಸಿಯೇ ನಿವೃತ್ತನಾದ ನನಗೂ ಮೊದಲು ಅದರಲ್ಲಿ ಕೊರತೆಯೇನೂ ಕಂಡಿರಲಿಲ್ಲ. ಆದರೆ ಕಳೆದ ಅಕ್ಟೋಬರಿನಲ್ಲಿ ಶಾಂಘೈನಲ್ಲಿರುವ ಮಗನ ಮನೆಗೆ ಹೋಗಿ, ಅಲ್ಲಿಂದ ವೇಗದ ರೈಲಿನಲ್ಲಿ ಅರ್ಧ ಗಂಟೆಯ ಹಾದಿಯಾದ ಸುಝೌ ನಗರದ ಹಳೆಯ ತೋಟಗಳನ್ನು ನೋಡಿ ಬಂದ ಮೇಲೆ ಆ ನಕ್ಷೆ ನನಗೆ ಸಮಾಧಾನ ಕೊಡುತ್ತಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅಲ್ಲಿನ ಚಿಕ್ಕ ತೋಟಗಳಲ್ಲೊಂದಾದ ವಾಂಗ್‌ಶಿ ಯುವಾನ್, ಅಂದರೆ ಬಲೆಗಾರನ ತೋಟ. 12ನೇ ಶತಮಾನದಲ್ಲಿ ಮೊದಲು ರೂಪುಗೊಂಡು, 18ನೇ ಶತಮಾನದಲ್ಲಿ ಮತ್ತೆ ಕಟ್ಟಿಸಿದ ಈ ತೋಟ, 1997ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಸುಝೌನ ನಾಲ್ಕು ತೋಟಗಳಲ್ಲಿ ಒಂದು. ಮನೆಯ ಭಾಗವೂ ಸೇರಿ ಇದರ ವಿಸ್ತಾರ ಸುಮಾರು 5,400 ಚದರ ಮೀಟರ್, ನಮ್ಮ ಲೆಕ್ಕದಲ್ಲಿ ಐವತ್ಮೂರು ಗುಂಟೆ. ಇಷ್ಟರಲ್ಲಿ ಎರಡೂವರೆ ಗಂಟೆ ಅಲೆದೆವು ಎಂದರೆ ಸಂಘದ ಕಾರ್ಯದರ್ಶಿಗಳು ನಂಬುತ್ತಿಲ್ಲ. ನಿಂತ ಜಾಗದಿಂದ ಇಡೀ ತೋಟ ಎಲ್ಲಿಯೂ ಕಾಣುವುದಿಲ್ಲ ಎಂಬುದೇ ಅದರ ಗುಟ್ಟು. ನಡುವಿನ ಕೊಳ ದೊಡ್ಡದೇನಲ್ಲ; ಆದರೆ ಅದರ ಎರಡು ಮೂಲೆಗಳಲ್ಲಿ ನೀರು ಕಿರಿದಾಗುತ್ತ ಸೇತುವೆಯ ಕೆಳಗೆ, ಬಂಡೆಗಳ ಸಂದಿಗೆ ನುಸುಳಿ ಮರೆಯಾಗುವುದರಿಂದ, ಆಚೆಗೂ ಹರಿದಿರಬೇಕೆಂದು ಕಣ್ಣು ತಾನೇ ಊಹಿಸಿಕೊಳ್ಳುತ್ತದೆ. ಒಂದು ಮೂಲೆಯ ಕಮಾನು ಸೇತುವೆಯಂತೂ ಮೂರು ಹೆಜ್ಜೆಗೆ ಮುಗಿಯುತ್ತದೆ. ಸೇತುವೆ ಕಿರಿದಾದಷ್ಟೂ ಪಕ್ಕದ ನೀರು ಹಿರಿದಾಗಿ ಕಾಣುತ್ತದೆ ಎಂಬುದು ಇಷ್ಟು ವರ್ಷ ಅಳತೆಪಟ್ಟಿ ಹಿಡಿದ ನನಗೆ ಹೊಳೆದಿರಲಿಲ್ಲ. ಕೊಳದ ದಡದಲ್ಲಿ ಬೆಳುದಿಂಗಳು ನೋಡಲೆಂದೇ ಕಟ್ಟಿದ ಮಂಟಪವೊಂದಿದ್ದು, ಅದರೊಳಗೆ ದೊಡ್ಡ ಕನ್ನಡಿ ನಿಲ್ಲಿಸಿದ್ದಾರೆ; ಆಕಾಶದ್ದೊಂದು, ನೀರಿನದೊಂದು, ಕನ್ನಡಿಯದೊಂದು, ಹೀಗೆ ಮೂರು ಚಂದ್ರರು ಸಿಗುತ್ತಾರಂತೆ. ನಾವು ಹೋದದ್ದು ಮಟಮಟ ಮಧ್ಯಾಹ್ನ.

ಗೋಡೆಗಳ ಮಾತು ಹೇಳಲೇಬೇಕು. ಸುಣ್ಣ ಬಳಿದ ಬಿಳಿ ಗೋಡೆ, ಮೇಲೆ ಕಪ್ಪು ಹೆಂಚು. ಗೋಡೆಯಲ್ಲಿ ಅಲ್ಲಲ್ಲಿ ಜಾಲರಿ ಕಿಟಕಿಗಳು, ಒಂದರ ವಿನ್ಯಾಸ ಇನ್ನೊಂದಕ್ಕಿಲ್ಲ. ಬೇಲೂರಿನ ಜಾಲಂಧ್ರಗಳನ್ನು ಕಂಡವರಿಗೆ ಇದು ತೀರ ಹೊಸದಲ್ಲ, ಆದರೆ ಕೆಲಸ ಬೇರೆ. ಬೇಲೂರಿನಲ್ಲಿ ಅವು ಒಳಗಿನ ನೆರಳಿಗೆ ಬೆಳಕನ್ನು ಸೋಸಿ ಕೊಟ್ಟರೆ, ಇಲ್ಲಿ ಪಕ್ಕದ ಅಂಗಳದ ಬಿದಿರನ್ನೋ ಬಂಡೆಯನ್ನೋ ಚೂರುಚೂರಾಗಿ ತೋರಿಸಿ, ಪೂರ್ತಿ ನೋಡಬೇಕಾದರೆ ಸುತ್ತಿ ಬಾ ಎನ್ನುತ್ತವೆ. ಬಂಡೆಗಳೂ ಹಾಗೆಯೇ: ತಾಯ್ ಸರೋವರದ ಸುಣ್ಣಕಲ್ಲನ್ನು ನೀರು ಕೊರೆದು ತೂತು ಮಾಡಿದ ರೂಪದಲ್ಲೇ ನಿಲ್ಲಿಸುತ್ತಾರೆ. ಕಲ್ಲನ್ನು ಕಡೆದು ಮೂರ್ತಿಯಾಗಿಸುವ ನಾಡಿನಿಂದ ಹೋದ ನನಗೆ, ಲ್ಯೂ ಯುವಾನ್ ತೋಟದ ಆರೂವರೆ ಮೀಟರ್ ಎತ್ತರದ ಒಂಟಿ ಕಲ್ಲಿನ ಎದುರು ಜನ ಮೂರ್ತಿಯ ಮುಂದೆ ನಿಂತಂತೆ ನಿಂತದ್ದು ವಿಚಿತ್ರವಾಗಿ ಕಂಡಿತು, ಆಮೇಲೆ ನಾನೂ ನಿಂತೆ. ಇದೇ ಕಲ್ಲನ್ನು ರಾಶಿ ಹಾಕಿ ಚಕ್ರವ್ಯೂಹ ಮಾಡಿರುವ ಸಿಂಹವನದ ತೋಟ ಮಾತ್ರ ನನಗೆ ಹಿಡಿಸಲಿಲ್ಲ.

ಬಾಳೆಯ ವಿಷಯಕ್ಕೆ ನಾನು ಇನ್ನೂ ಬೆರಗಾಗುತ್ತೇನೆ. ಝುವೊಝೆಂಗ್ ಯುವಾನ್ ಎಂಬ ದೊಡ್ಡ ತೋಟದಲ್ಲಿ ಮಳೆಯನ್ನು ಆಲಿಸುವುದಕ್ಕೆಂದೇ ಒಂದು ಮಂಟಪವಿದೆ, ಅದರ ಬದಿಗೆ ಬಾಳೆ ಇದೆ. ಧಾರವಾಡದ ನಮ್ಮ ಮನೆಯಲ್ಲಿ ಬಚ್ಚಲ ನೀರು ಹೋಗುವಲ್ಲಿ ಬಾಳೆ ನೆಡುತ್ತಿದ್ದರು, ಊಟದ ಎಲೆಗೆ, ಗೊನೆಗೆ. ಹನಿ ಬೀಳುವ ಸದ್ದಿಗಾಗಿ ನೆಟ್ಟ ಬಾಳೆಯನ್ನು ನಾನು ಕಂಡದ್ದು ಅಲ್ಲಿಯೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಕಾಣುವ ಪುಣೆಯಲ್ಲಿ ಇದಕ್ಕೆ ತಗಲುವ ಖರ್ಚೆಷ್ಟು?

ಅದೇ ತೋಟದಲ್ಲಿ ಪೂರ್ವ ದಿಕ್ಕಿನಿಂದ ಕೊಳದ ಗುಂಟ ನೋಡಿದರೆ, ನೀರಿನಾಚೆ ಮರಗಳ ನಡುವೆ ಒಂಬತ್ತು ಅಂತಸ್ತಿನ ಗೋಪುರ ಕಾಣುತ್ತದೆ. ಅದು ತೋಟದ್ದಲ್ಲ, ಹೊರಗೆ ಬಹುದೂರದಲ್ಲಿರುವ ಬೌದ್ಧ ದೇವಾಲಯದ್ದು. ಇದಕ್ಕೆ ಅವರು ನೋಟವನ್ನು ಎರವಲು ತರುವುದು ಎನ್ನುತ್ತಾರೆ. 17ನೇ ಶತಮಾನದ ತೋಟಗಾರ ಜಿ ಚೆಂಗ್ ಈ ಕಲೆಯನ್ನು ತೋಟ ಕಟ್ಟುವುದರಲ್ಲಿ ಅತಿ ಮುಖ್ಯವೆಂದು ಬರೆದಿಟ್ಟಿದ್ದಾನೆ. ನಮ್ಮ ಹನ್ನೆರಡು ಗುಂಟೆಯ ಪೂರ್ವದ ಅಂಚಿನಲ್ಲಿ ನಿಂತರೆ ಟೇಕಡಿ, ಅಂದರೆ ಗುಡ್ಡ, ಇಡಿಯಾಗಿ ಕಾಣುತ್ತದೆ, ಮಳೆಗಾಲದಲ್ಲಿ ಹಸಿರಾಗಿ, ಬೇಸಗೆಯಲ್ಲಿ ಕಂದಾಗಿ. ಗುತ್ತಿಗೆದಾರರ ನಕ್ಷೆಯಲ್ಲಿ ಸರಿಯಾಗಿ ಅದೇ ಅಂಚಿಗೆ ಹತ್ತು ಅಡಿಯ ತಗಡಿನ ಬೇಲಿ ಇದೆ.

ನಾನು ಡ್ರ್ಯಾಗನ್ ಗೋಡೆಯನ್ನೋ ಚಂದ್ರಾಕಾರದ ಬಾಗಿಲನ್ನೋ ತಂದು ನೆಡಿ ಎನ್ನುತ್ತಿಲ್ಲ. ಸಿಂಹಗಡ ರಸ್ತೆಯ ಪು. ಲ. ದೇಶಪಾಂಡೆ ಉದ್ಯಾನ ನಮ್ಮೂರಲ್ಲಿಯೇ ಇದೆಯಲ್ಲ ಎಂದು ಕೆಲವರು ಹೇಳಿದರು. ಅದು ಜಪಾನಿನ ಒಕಾಯಾಮಾದ ಕೊರಾಕುಎನ್ ಮಾದರಿಯದು, ವಿಶಾಲ ಹುಲ್ಲುಹಾಸಿನದು, ಸುಂದರವೂ ಹೌದು, ಆದರೆ ಹನ್ನೆರಡು ಗುಂಟೆಗೆ ಆ ಪಾಠ ಒಗ್ಗದು. ನಮಗೆ ಬೇಕಾದದ್ದು ಒಂದು ಅಡ್ಡಗೋಡೆ, ಅದರಲ್ಲಿ ಎರಡು ಕಿಟಕಿ, ತಿರುವಿರುವ ದಾರಿ, ಇರುವ ಹಳೆಯ ಬಾವಿಯನ್ನು ಮುಚ್ಚದಿರುವುದು, ನಾಲ್ಕು ಬಾಳೆ. ತಗಡಿನ ಬೇಲಿಯ ಬದಲು ಸೊಂಟದೆತ್ತರದ ಕರಿಕಲ್ಲಿನ ಕಟ್ಟೆ ಸಾಕು. ಈ ಬದಲಿ ನಕ್ಷೆಯನ್ನು ನಾನೇ ಬಿಡಿಸಿದ್ದೇನೆ, ಬರುವ ಭಾನುವಾರದ ಸಭೆಯಲ್ಲಿ ಮಂಡಿಸುವವನಿದ್ದೇನೆ. ಪುಣೆಯ ಕನ್ನಡಿಗರಲ್ಲಿ ಉದ್ಯಾನ ವಿನ್ಯಾಸ ಬಲ್ಲವರಿದ್ದರೆ ಅದನ್ನು ತಿದ್ದಿ ಕೊಡಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ನಿವೃತ್ತ ನಕ್ಷೆಗಾರ,
ಕೋಥ್ರೂಡ್, ಪುಣೆ